ಸೇತುವೆ ಮತ್ತು ಬೆಳಕು

ಗೋಡೆಯ ಮೇಲೆ ತೂಗುಹಾಕಿದ ನಿಸರ್ಗಚಿತ್ರವೊಂದರ ಮುಂದೆ ನಿಂತಾಗ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ ‘ಇದು ಯಾವ ಊರು?’ ಎಂಬುದು. ಅನಂತರ ಚಿತ್ರವು ಆ ಊರನ್ನು ಹೋಲುತ್ತದೆಯೇ ಇಲ್ಲವೇ ಎಂಬ ವಿಚಾರಣೆ ಆರಂಭವಾಗುತ್ತದೆ. ಹಳೆಯ ಸೇತುವೆಯ ಚಿತ್ರವಾದರೆ ಅದರ ಕಮಾನುಗಳನ್ನು ಎಣಿಸುತ್ತೇವೆ. ಕಲ್ಲುಗಳ ಸಂದುಗಳನ್ನು ಹುಡುಕುತ್ತೇವೆ. ಎಣಿಕೆ ಸರಿಹೋದರೆ ಕಲಾವಿದನನ್ನು ಮೆಚ್ಚುತ್ತೇವೆ. ಆದರೆ ಈ ಬಗೆಯ ಪರೀಕ್ಷೆಗೆ ಸಿಕ್ಕದ ಚಿತ್ರಗಳೂ ಉಂಟು. ಅವುಗಳ ಸಮೀಪಕ್ಕೆ ಹೋದಷ್ಟೂ ಸೇತುವೆ ಕಾಣದಂತಾಗುತ್ತದೆ. ನೀಲಿ, ಊದಾ, ಹಳದಿ, ಕಿತ್ತಳೆ ಬಣ್ಣಗಳ ಗಿಡ್ಡ ಗಿಡ್ಡ ಎಳೆತಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಕುಂಚವನ್ನು ಒರಸಿದ ಬಟ್ಟೆಗೇ ಚೌಕಟ್ಟು ಹಾಕಿದ್ದಾರೆಯೇ ಎಂಬ ಸಂಶಯವೂ ಬಂದೀತು. ಹತ್ತು ಹೆಜ್ಜೆ ಹಿಂದಕ್ಕೆ ಸರಿದು ನೋಡಿದರೆ ಆ ಎಳೆತಗಳೆಲ್ಲ ಒಂದರೊಳಗೊಂದು ಬೆರೆತು ನದಿಯಾಗುತ್ತವೆ. ನದಿಯ ಮೇಲೆ ಮಂಜು ಕವಿಯುತ್ತದೆ. ಮಂಜಿನ ನಡುವೆ ಸೇತುವೆಯೊಂದು ಮೆಲ್ಲನೆ ಮೂಡಿ ನಿಲ್ಲುತ್ತದೆ. ಇಂತಹ ಚಿತ್ರಗಳು ಏಕೆ ಹುಟ್ಟಿದವು, ಅವುಗಳನ್ನು ನೋಡುವ ಬಗೆ ಯಾವುದು, ಅವು ನಮಗಾಗಿ ಏನನ್ನು ಉಳಿಸಿಕೊಡುತ್ತವೆ ಎಂಬುದನ್ನು ಕೆಲವು ಸೇತುವೆಗಳ ನೆರವಿನಿಂದಲೇ ಅರಿಯಲು ಯತ್ನಿಸೋಣ.

1874ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಪ್ಯಾರಿಸ್ ನಗರದ ಸುಮಾರು ಮೂವತ್ತು ಮಂದಿ ಕಲಾವಿದರು ಸೇರಿ, ಸರಕಾರದ ಮನ್ನಣೆ ಪಡೆದ ಕಲಾಪ್ರದರ್ಶನದ ಹಂಗನ್ನು ತೊರೆದು, ಛಾಯಾಗ್ರಾಹಕ ನಾದಾರನ ಹಳೆಯ ಕಾರ್ಯಾಗಾರದಲ್ಲಿ ತಮ್ಮದೇ ಆದ ಪ್ರದರ್ಶನವನ್ನು ಏರ್ಪಡಿಸಿದರು. ಅಲ್ಲಿದ್ದ ಚಿತ್ರಗಳಲ್ಲಿ ಕ್ಲೋದ್ ಮೊನೆ ಎಂಬಾತನ ಒಂದು ಕೃತಿಯ ಹೆಸರು ‘ಇಂಪ್ರೆಷನ್, ಸೂರ್ಯೋದಯ’. ಬಂದರೊಂದರ ಮುಂಜಾವಿನ ಮಬ್ಬು, ಅದರಲ್ಲಿ ಒಂದೆರಡು ದೋಣಿ, ಕಿತ್ತಳೆ ಬಣ್ಣದ ಒಂದು ಸೂರ್ಯ. ಇಷ್ಟೇ ಆ ಚಿತ್ರ. ಲೂಯಿ ಲೆರ್ವಾ ಎಂಬ ಪತ್ರಕರ್ತನು ಆ ಹೆಸರನ್ನೇ ಹಿಡಿದು, ಇವರೆಲ್ಲರೂ ‘ಇಂಪ್ರೆಷನಿಸ್ಟರು’ ಎಂದು ಹಾಸ್ಯಮಾಡಿ ಬರೆದನು. ನಿಂದೆಯಾಗಿ ಬಂದ ಹೆಸರು ಕೆಲವೇ ವರ್ಷಗಳಲ್ಲಿ ಬಿರುದಾಯಿತು. ಇಂಪ್ರೆಷನ್ ಎಂದರೆ ಅಚ್ಚು, ಮುದ್ರೆ. ಹಸಿಯ ಮಣ್ಣಿನ ಮೇಲೆ ಹೆಜ್ಜೆಯ ಗುರುತು ಬೀಳುವಂತೆ, ಒಂದು ಕ್ಷಣದ ಬೆಳಕು ಕಣ್ಣಿನ ಮೂಲಕ ಮನಸ್ಸಿನ ಮೇಲೆ ಒತ್ತಿಹೋಗುವ ಗುರುತು. ಆ ಗುರುತು ಅಳಿಯುವ ಮುನ್ನ ಅದನ್ನು ಬಣ್ಣದಲ್ಲಿ ಹಿಡಿಯಬೇಕೆಂಬುದೇ ಈ ಪಂಥದವರ ಹಂಬಲವಾಗಿತ್ತು.

ಈ ಹಂಬಲಕ್ಕೆ ಒದಗಿಬಂದ ಕಾರಣಗಳಲ್ಲಿ ಕೆಲವು ತೀರ ಸಾಮಾನ್ಯವಾದವು. ಹಿಂದೆ ಕಲಾವಿದರು ಬಣ್ಣವನ್ನು ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಕೋಶದಿಂದ ಮಾಡಿದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಅವು ಒಡೆಯುತ್ತಿದ್ದವು, ಬಣ್ಣ ಒಣಗುತ್ತಿತ್ತು, ಅದನ್ನು ಹೊತ್ತು ನದೀತೀರಕ್ಕೆ ಹೋಗುವುದು ಸುಲಭವಾಗಿರಲಿಲ್ಲ. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ಎಂಬಾತನು ತವರದ ಹಾಳೆಯಿಂದ ಹಿಂಡುವ ಕೊಳವೆಯನ್ನು ನಿರ್ಮಿಸಿದನು. ನಾವು ಇಂದು ಹಲ್ಲುಜ್ಜುವ ಪೇಸ್ಟನ್ನು ಹಿಂಡುವ ಕೊಳವೆಯ ಪೂರ್ವಜ ಅದು. ರೈಲುಗಾಡಿಯೂ ಬಂದುದರಿಂದ ಕಲಾವಿದನು ಬೆಳಗ್ಗೆ ಹಳ್ಳಿಯ ಹೊಳೆಯ ದಡಕ್ಕೆ ಹೋಗಿ ಸಂಜೆಗೆ ನಗರಕ್ಕೆ ಮರಳಬಹುದಾಯಿತು. ಇದ್ದುದನ್ನು ಇದ್ದಂತೆ ಹಿಡಿಯುವ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿದ್ದರಿಂದ ಆ ಹೊರೆಯೂ ಹಗುರವಾಯಿತು.

ಮತ್ತೊಂದು ಕಾರಣ ನೇಕಾರರಿಂದ ಬಂದಿತು. ಪ್ಯಾರಿಸಿನ ಹೆಸರಾಂತ ನೇಯ್ಗೆಯ ಕಾರ್ಖಾನೆಯೊಂದರಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಬಳಿಗೆ, ಕಪ್ಪು ನೂಲು ಕಪ್ಪಾಗಿ ಕಾಣುವುದಿಲ್ಲವೆಂಬ ದೂರು ಬಂದಿತು. ಬಣ್ಣದಲ್ಲಿ ದೋಷವಿರಲಿಲ್ಲ, ಅದರ ಪಕ್ಕದಲ್ಲಿ ನೇಯ್ದ ಬೇರೆ ಬಣ್ಣದ ನೂಲು ಅದನ್ನು ಮಂಕಾಗಿಸುತ್ತಿತ್ತು. ಒಂದು ಬಣ್ಣವು ನೆರೆಯ ಬಣ್ಣದಿಂದ ಬೇರೆಯಾಗಿ ಕಾಣುತ್ತದೆಂಬ ಈ ತತ್ತ್ವವನ್ನು ಆತನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ನಮ್ಮ ಇಳಕಲ್ಲಿನ ಅಥವಾ ದೊಡ್ಡಬಳ್ಳಾಪುರದ ನೇಕಾರನಿಗೆ ಇದು ಹೊಸ ಸಂಗತಿಯೇನಲ್ಲ. ಸೀರೆಯ ಒಡಲಿಗೆ ಯಾವ ಅಂಚು ಒಪ್ಪುತ್ತದೆಂಬುದನ್ನು ಆತನ ಕಣ್ಣು ಬಲ್ಲುದು. ಇಂಪ್ರೆಷನಿಸ್ಟರು ಈ ಅರಿವನ್ನು ಚಿತ್ರಪಟಕ್ಕೆ ತಂದರು. ಎರಡು ಬಣ್ಣಗಳನ್ನು ತಟ್ಟೆಯಲ್ಲಿ ಕಲಸುವ ಬದಲು ಅವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ದೂರದಿಂದ ನೋಡುವವನ ಕಣ್ಣು ತಾನೇ ಅವನ್ನು ಬೆರೆಸಿಕೊಳ್ಳುತ್ತದೆ. ಹೀಗೆ ಬೆರೆತ ಬಣ್ಣಕ್ಕೆ ಕಲಸಿದ ಬಣ್ಣಕ್ಕಿಲ್ಲದ ಒಂದು ಮಿನುಗು ಉಂಟು. ಹತ್ತು ಹೆಜ್ಜೆ ಹಿಂದಕ್ಕೆ ಸರಿಯಬೇಕೆಂದು ಮೇಲೆ ಹೇಳಿದುದು ಇದಕ್ಕಾಗಿಯೇ.

ನೆರಳಿನ ವಿಚಾರದಲ್ಲಿ ಇವರು ಮಾಡಿದ ಬದಲಾವಣೆ ಇನ್ನೂ ದೊಡ್ಡದು. ನೆರಳೆಂದರೆ ಕಪ್ಪು ಎಂದು ನಾವು ನಂಬಿದ್ದೇವೆ. ಬೇಸಿಗೆಯ ಬೆಳಗಿನಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಮರದ ನೆರಳನ್ನು ನಿಧಾನವಾಗಿ ನೋಡಿರಿ. ಅದು ಕಪ್ಪಲ್ಲ, ತಿಳಿನೀಲಿ. ಸೂರ್ಯನ ಬೆಳಕು ತಡೆಯಾದ ಕಡೆ ಆಕಾಶದ ಬೆಳಕು ಬಿದ್ದಿರುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಚಿನ್ನದ ರೇಕಿನ ಹೊಳಪೇ ಬೆಳಕು. ದೇವತೆಗಳಿಗೆ ಬೆಳಗು ಸಂಜೆಗಳಿಲ್ಲವಾದ್ದರಿಂದ ನೆರಳು ಬೀಳುವ ಅಗತ್ಯವೂ ಇಲ್ಲ. ಒಂದು ಶಾಶ್ವತವನ್ನು ಬರೆಯುವ ಕಲೆ, ಇನ್ನೊಂದು ಕ್ಷಣವನ್ನು ಬರೆಯುವ ಕಲೆ. ಇವುಗಳಲ್ಲಿ ಮೇಲು ಕೀಳೆಂದು ತೂಗುವುದು ವ್ಯರ್ಥ.

ಕ್ಷಣವನ್ನು ಬರೆಯಹೊರಟವನಿಗೆ ಹೊಳೆಯ ಮೇಲಿನ ಹಳೆಯ ಸೇತುವೆಗಿಂತ ಒಳ್ಳೆಯ ವಸ್ತು ಸಿಕ್ಕುವುದು ಕಷ್ಟ. ನೀರು ಓಡುತ್ತದೆ, ಮೋಡ ಸರಿಯುತ್ತದೆ, ದೋಣಿ ದಾಟುತ್ತದೆ. ನಡುವೆ ಸೇತುವೆಯೊಂದೇ ಅಲುಗದೆ ನಿಂತಿರುತ್ತದೆ. ಅಲುಗದ ವಸ್ತುವೊಂದು ಇದ್ದಾಗಲೇ ಅಲುಗುವ ಬೆಳಕಿನ ಲೆಕ್ಕ ಸಿಗುವುದು. ಅಷ್ಟೇ ಅಲ್ಲದೆ ಸೇತುವೆಯು ಚಿತ್ರದಲ್ಲಿ ಎರಡು ಬಾರಿ ಬರುತ್ತದೆ, ಒಮ್ಮೆ ಕಲ್ಲಾಗಿ, ಮತ್ತೊಮ್ಮೆ ನೀರಿನೊಳಗಿನ ಬಿಂಬವಾಗಿ. ಈ ಎರಡನೆಯದನ್ನು ಬರೆಯುವಾಗ ಹೊಸಬರು ತಪ್ಪುವುದುಂಟು. ನಿಂತ ನೀರಿನಲ್ಲಿ ಮಾತ್ರ ಬಿಂಬವು ಕನ್ನಡಿಯಲ್ಲಿದ್ದಂತೆ ಇರುತ್ತದೆ. ಸಣ್ಣ ಅಲೆಗಳೆದ್ದ ನೀರಿನಲ್ಲಿ ಪ್ರತಿಯೊಂದು ಅಲೆಯ ಓರೆಯೂ ಒಂದು ಪುಟ್ಟ ಕನ್ನಡಿ. ಆದ್ದರಿಂದ ಕಂಬದ ಬಿಂಬವು ಕಂಬಕ್ಕಿಂತ ಉದ್ದವಾಗಿ, ನೋಡುವವನ ಕಡೆಗೆ ಹರಿದುಬಂದು, ತುಂಡುತುಂಡಾಗಿ ಒಡೆಯುತ್ತದೆ. ಆ ತುಂಡುಗಳ ನಡುವೆ ಆಕಾಶದ ಬಣ್ಣ ಇಣುಕುತ್ತದೆ. ಕುಂಚದ ಬಿಡಿ ಬಿಡಿ ಎಳೆತಗಳು ನೀರಿಗೆ ಎಷ್ಟು ಚೆನ್ನಾಗಿ ಹೊಂದುತ್ತವೆಯೆಂದರೆ, ಈ ಶೈಲಿಯನ್ನು ನದಿಯೇ ಕಲಿಸಿತೇನೋ ಎನ್ನಿಸುತ್ತದೆ.

ಮೊನೆ ತನ್ನ ಜೀವಮಾನದಲ್ಲಿ ಹಲವು ಸೇತುವೆಗಳನ್ನು ಬರೆದನು. ಅವುಗಳಲ್ಲಿ ಲಂಡನ್ ನಗರದ ವಾಟರ್ಲೂ ಸೇತುವೆಯ ಕತೆ ವಿಶೇಷವಾದುದು. 1899, 1900 ಮತ್ತು 1901ರಲ್ಲಿ ಮೂರು ಬಾರಿ ಲಂಡನ್ನಿಗೆ ಹೋಗಿ, ಥೇಮ್ಸ್ ನದಿಯ ದಡದ ಸೆವಾಯ್ ಹೋಟೆಲಿನಲ್ಲಿ ಇಳಿದುಕೊಂಡು, ಅಲ್ಲಿಂದ ಕಾಣುತ್ತಿದ್ದ ಈ ಸೇತುವೆಯೊಂದನ್ನೇ 40ಕ್ಕೂ ಹೆಚ್ಚು ಪಟಗಳ ಮೇಲೆ ಬರೆದನು. ಒಂದೇ ಸೇತುವೆಯನ್ನು ಅಷ್ಟು ಬಾರಿ ಏಕೆ ಬರೆಯಬೇಕು? ಆತನ ಪಾಲಿಗೆ ಅದು ಒಂದೇ ಸೇತುವೆಯಾಗಿರಲಿಲ್ಲ. ಬೆಳಗಿನ ಎಂಟು ಗಂಟೆಗೆ ನೀಲಿಯಾಗಿದ್ದುದು ಒಂಬತ್ತಕ್ಕೆ ಊದಾ ಆಗುತ್ತಿತ್ತು. ಮಂಜನ್ನು ಸೀಳಿ ಬಿಸಿಲು ಬಂದರೆ ಮೇಲೆ ಸಾಗುವ ಬಂಡಿಗಳ ಸಾಲು ಕಿಡಿಗಳಂತೆ ಹೊಳೆಯುತ್ತಿತ್ತು. ಬೆಳಕು ಬದಲಾದೊಡನೆ ಕೈಯಲ್ಲಿದ್ದ ಪಟವನ್ನು ಕೆಳಗಿಟ್ಟು, ಆ ಬೆಳಕಿಗೆ ಹೊಂದುವ ಮತ್ತೊಂದನ್ನು ರಾಶಿಯಲ್ಲಿ ಹುಡುಕುತ್ತಿದ್ದನು. ಹುಡುಕಿ ತೆಗೆಯುವಷ್ಟರಲ್ಲಿ ಆ ಬೆಳಕೂ ಹೊರಟುಹೋಗಿರುತ್ತಿತ್ತು. ಕೊನೆಗೆ ಪಟಗಳನ್ನೆಲ್ಲ ಊರಿಗೆ ಒಯ್ದು, ಎರಡು ಮೂರು ವರ್ಷ ಮನೆಯಲ್ಲಿಯೇ ತಿದ್ದಿ, 1904ರಲ್ಲಿ 37 ಲಂಡನ್ ಚಿತ್ರಗಳನ್ನು ಪ್ಯಾರಿಸಿನಲ್ಲಿ ಪ್ರದರ್ಶಿಸಿದನು. ಸ್ಥಳದಲ್ಲಿಯೇ, ಆ ಕ್ಷಣದಲ್ಲಿಯೇ ಬರೆದುಮುಗಿಸುವುದೇ ಇಂಪ್ರೆಷನಿಸಂ ಎಂದು ಹೇಳುವವರು ಈ ಸಂಗತಿಯನ್ನು ಮರೆಯುತ್ತಾರೆ. ಕ್ಷಣವೊಂದನ್ನು ಹಿಡಿಯಲು ವರ್ಷಗಳ ದುಡಿಮೆ ಬೇಕಾಗಬಹುದು.

ಆ ಚಿತ್ರಗಳ ಮಂಜು ನಮ್ಮ ಮಡಿಕೇರಿಯ ಮಂಜಿನಂತಹುದಲ್ಲ. ಸೇತುವೆಯ ಹಿಂದೆ ಮಸುಕಾಗಿ ಕಾಣುವ ಕಾರ್ಖಾನೆಗಳ ಚಿಮಣಿಗಳಿಂದಲೂ ಲಕ್ಷಾಂತರ ಮನೆಗಳ ಒಲೆಗಳಿಂದಲೂ ಎದ್ದ ಕಲ್ಲಿದ್ದಲ ಹೊಗೆ ಅದರಲ್ಲಿ ಬೆರೆತಿತ್ತು. ಒಂದು ಬೆಳಗ್ಗೆ ಎದ್ದು ನೋಡಿದಾಗ ಮಂಜಿಲ್ಲದ ಆಕಾಶವನ್ನು ಕಂಡು ತಾನು ಗಾಬರಿಗೊಂಡುದಾಗಿಯೂ, ಕ್ರಮೇಣ ಒಲೆಗಳು ಹೊತ್ತಿಕೊಂಡು ಹೊಗೆಯೂ ಮಂಜೂ ಮರಳಿದಾಗ ಸಮಾಧಾನವಾಯಿತೆಂದೂ ಮೊನೆ ತನ್ನ ಪತ್ನಿಗೆ ಪತ್ರ ಬರೆದಿದ್ದಾನೆ. ಇದನ್ನು ಓದುವಾಗ ನಮಗೆ ಕೊಂಚ ಕಸಿವಿಸಿಯಾಗದೆ ಇರದು. ಕಲಾವಿದನ ಕಣ್ಣಿಗೆ ಹಬ್ಬವಾಗಿದ್ದ ಆ ಗಾಳಿಯನ್ನೇ ಲಂಡನ್ನಿನ ಮಕ್ಕಳು ಉಸಿರಾಡುತ್ತಿದ್ದರು. 1952ರ ಡಿಸೆಂಬರಿನಲ್ಲಿ ಇಂತಹುದೇ ಹೊಗೆಮಂಜು ಕೆಲವು ದಿನಗಳ ಕಾಲ ನಗರವನ್ನು ಮುಚ್ಚಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು; 1956ರಲ್ಲಿ ಗಾಳಿಯ ಶುದ್ಧಿಗಾಗಿ ಕಾಯಿದೆಯೇ ಆಯಿತು. ಮೊನೆಯು ಹೊಗೆಯನ್ನು ಹೊಗಳಿದನೆಂದು ನಾನು ಹೇಳಲಾರೆ. ಆದರೆ ಮರೆಮಾಚಲಿಲ್ಲವೆಂದು ಹೇಳಬಲ್ಲೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಬ್ಬರು ವಿಜ್ಞಾನಿಗಳು ಟರ್ನರ್ ಮತ್ತು ಮೊನೆಯವರ ಚಿತ್ರಗಳನ್ನು ಅಳೆದು ನೋಡಿ, ಅವುಗಳಲ್ಲಿ ಕಾಲಕ್ರಮದಲ್ಲಿ ಗೆರೆಗಳು ಮಸುಕಾಗಿ ಬಿಳುಪು ಹೆಚ್ಚಿದ ಬಗೆಯು ಆ ಕಾಲದ ವಾಯುಮಾಲಿನ್ಯದ ಏರಿಕೆಗೆ ಹೊಂದುತ್ತದೆಂದು ತೋರಿಸಿದ್ದಾರೆ. ಕಲ್ಪನೆಯೆಂದು ಜನರು ನಕ್ಕ ಮಬ್ಬು ಒಂದು ದಾಖಲೆಯಾಗಿತ್ತು.

ಚಿತ್ರದಲ್ಲಿರುವ ಆ ಸೇತುವೆ ಈಗ ಇಲ್ಲ. ಜಾನ್ ರೆನ್ನಿ ಎಂಬ ಎಂಜಿನಿಯರನು ರೂಪಿಸಿದ, ಒಂಬತ್ತು ಕಮಾನುಗಳ ಆ ಗ್ರಾನೈಟ್ ಕಲ್ಲಿನ ಸೇತುವೆ 1817ರ ಜೂನ್ 18ರಂದು ಸಂಚಾರಕ್ಕೆ ತೆರೆದಿತ್ತು. ಅದೇ ನದಿಯ ಕೆಳಭಾಗದಲ್ಲಿದ್ದ ಪುರಾತನ ಲಂಡನ್ ಸೇತುವೆಯ ಇಕ್ಕಟ್ಟಾದ ಕಂಬಗಳು ನೀರಿಗೆ ಅಡ್ಡಕಟ್ಟೆಯಂತೆ ನಿಂತಿದ್ದವು. 1830ರ ದಶಕದಲ್ಲಿ ಅದನ್ನು ಕೆಡವಿದೊಡನೆ ಪ್ರವಾಹದ ಸೆಳೆತ ಹೆಚ್ಚಿ, ವಾಟರ್ಲೂ ಸೇತುವೆಯ ಅಡಿಪಾಯದ ಮಣ್ಣು ಕೊರೆದುಹೋಗತೊಡಗಿತು. ಕಂಬಗಳು ಕುಸಿದುದರಿಂದ 1934ರಲ್ಲಿ ಸೇತುವೆಯನ್ನು ಕಳಚಲು ಆರಂಭಿಸಿದರು. ಅದರ ಕೆಲವು ಕಲ್ಲುಗಳು ಆಸ್ಟ್ರೇಲಿಯದವರೆಗೂ ಹೋದವು. ಕಲ್ಲು ಹೀಗೆ ಚದುರಿತು. ಮಂಜಿನೊಳಗೆ ಕ್ಷಣಕಾಲ ಬೆಳಗಿದ ಅದರ ಬಣ್ಣಗಳು ಪಟದ ಮೇಲೆ ಉಳಿದವು.

ವಾಟರ್ಲೂ ಸೇತುವೆಗೂ ನಮ್ಮ ನಾಡಿಗೂ ಒಂದು ನಂಟಿದೆ. ವಾಟರ್ಲೂ ಯುದ್ಧವನ್ನು ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್ ಬೇರಾರೂ ಅಲ್ಲ, 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ. ಆತನ ಅಣ್ಣ ಮಾರ್ಕ್ವಿಸ್ ವೆಲ್ಲೆಸ್ಲಿ ಆಗ ಗವರ್ನರ್ ಜನರಲ್ ಆಗಿದ್ದನು. ಮೈಸೂರಿನ ದಿವಾನ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿ, 1804ರಲ್ಲಿ ಅದಕ್ಕೆ ಆ ಅಣ್ಣನ ಹೆಸರನ್ನಿಟ್ಟರು. ತಮ್ಮನ ಗೆಲುವಿನ ಹೆಸರು ಹೊತ್ತ ಸೇತುವೆ ಥೇಮ್ಸಿನ ಮೇಲೆ, ಅಣ್ಣನ ಹೆಸರು ಹೊತ್ತ ಸೇತುವೆ ಕಾವೇರಿಯ ಮೇಲೆ. ಹೆಸರು ಪರದೇಶದ್ದಾದರೂ ಕಾವೇರಿಯ ಸೇತುವೆಯ ಕಟ್ಟಡ ಸಂಪೂರ್ಣವಾಗಿ ನಮ್ಮದು. ಅದಕ್ಕೆ ಕಮಾನುಗಳಿಲ್ಲ. ದೇವಾಲಯದ ಮಂಟಪಗಳಲ್ಲಿರುವಂತೆ ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಹಂಪೆಯಲ್ಲಿ ಮಂಟಪ ಕಟ್ಟಿದ ಕೈಗಳ ವಿದ್ಯೆಯೇ ಇಲ್ಲಿ ನೀರಿಗಿಳಿದಂತಿದೆ.

ಇದನ್ನು ಬರೆಯಹೊರಟ ಚಿತ್ರಕಾರನಿಗೆ ಮೊನೆಯ ಮಂಜು ದೊರಕದು. ನಮ್ಮ ಬಿಸಿಲು ಬೇರೆ. ಅದು ವಸ್ತುಗಳನ್ನು ಕರಗಿಸುವುದಿಲ್ಲ, ಕೊರೆದು ನಿಲ್ಲಿಸುತ್ತದೆ. ನಡುಹಗಲಿನಲ್ಲಿ ಕಲ್ಲು ಬೆಳ್ಳಗಾಗಿ ಬಣ್ಣವೆಲ್ಲ ಸುಟ್ಟುಹೋದಂತೆ ಕಾಣುತ್ತದೆ. ಆದ್ದರಿಂದಲೇ ನಮ್ಮ ನಿಸರ್ಗಚಿತ್ರಕಾರರು ಬೆಳಗಿನ ಹಾಗೂ ಇಳಿಹೊತ್ತಿನ ಒಂದೆರಡು ಗಂಟೆಗಳನ್ನೇ ಆಯ್ದುಕೊಳ್ಳುವುದು. ಜಲವರ್ಣದಲ್ಲಿ ಬರೆಯುವವನಿಗೆ ಇನ್ನೊಂದು ಪೇಚು ಉಂಟು. ಆತನ ಬಳಿ ಬಿಳಿಯ ಬಣ್ಣವಿರುವುದಿಲ್ಲ, ಇದ್ದರೂ ಬಳಸಲು ಮನಸ್ಸಿರುವುದಿಲ್ಲ. ಕಾಗದದ ಬಿಳುಪೇ ಆತನ ಬೆಳಕು. ಕಂಬಗಳ ನಡುವೆ ನೀರು ಫಳಕ್ಕನೆ ಮಿಂಚುವ ಜಾಗವನ್ನು ಮೊದಲೇ ಮನಸ್ಸಿನಲ್ಲಿ ಗುರುತಿಸಿಕೊಂಡು ಅಲ್ಲಿಗೆ ಕುಂಚ ತಾಗದಂತೆ ಕಾಯಬೇಕು. ತೊಲೆಯ ಕೆಳಗಿನ ನೆರಳಿಗೆ ಕಪ್ಪನ್ನು ಬಳಸದೆ, ನೀಲಿಯ ಮೇಲೆ ಕೆಂಗಂದನ್ನು ಹಾಯಿಸಿದರೆ ಕಲ್ಲಿನ ತಂಪು ಬರುತ್ತದೆ. ಬಿಸಿಲಿನಲ್ಲಿ ಕಾಗದ ಬೇಗನೆ ಒಣಗುವುದರಿಂದ ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಆಗಬೇಕು.

ಅವಸರಕ್ಕೆ ಇನ್ನೊಂದು ಕಾರಣವೂ ಸೇರಿದೆ. ಶಿವನಸಮುದ್ರದ ಬಳಿ ಕಾವೇರಿಗೆ ಕಟ್ಟಿದ್ದ, 19ನೆಯ ಶತಮಾನದ ಮೊದಲರ್ಧಕ್ಕೆ ಸೇರಿದ, ಇದೇ ಬಗೆಯ ಕಲ್ಲುಕಂಬಗಳ ಹಳೆಯ ಸೇತುವೆಯ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು.

ನಮ್ಮಲ್ಲಿ ಬೆಳಕಿನ ಬೆನ್ನುಹತ್ತಿದ ಕಲಾವಿದರನ್ನು ನೆನೆಯುವಾಗ ರುಮಾಲೆ ಚನ್ನಬಸವಯ್ಯನವರ ಹೆಸರನ್ನು ಬಿಡಲಾಗದು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದರೂ, ಸ್ವಾತಂತ್ರ್ಯದ ಹೋರಾಟ ಅವರನ್ನು ಸೆಳೆದುಕೊಂಡಿತು. ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. ಶಾಸನಸಭೆಯ ಸದಸ್ಯರೂ ಆದರು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ಅವೆಲ್ಲವನ್ನೂ ಬದಿಗಿಟ್ಟು ಮರಳಿ ಕುಂಚವನ್ನು ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಕೆಳಗಿಡಲಿಲ್ಲ. ಬೆಂಗಳೂರಿನ ಹೂಬಿಡುವ ಮರಗಳೇ ಅವರ ಮುಖ್ಯ ವಸ್ತು. 1908ರಲ್ಲಿ ಈ ನಗರಕ್ಕೆ ಬಂದ ಉದ್ಯಾನತಜ್ಞ ಕೃಂಬಿಗಲ್ ಅವರು, ಒಂದು ಜಾತಿಯ ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ಬೀದಿಗಳಲ್ಲಿ ಮರಗಳನ್ನು ನೆಡಿಸುವ ಕ್ರಮವನ್ನು ರೂಢಿಗೆ ತಂದಿದ್ದರು. ಜಕರಾಂಡದ ನೀಲಿ ಮುಗಿದು ಗುಲ್‌ಮೊಹರಿನ ಕೆಂಪು ತೊಡಗುವ ಆ ಕ್ಯಾಲೆಂಡರನ್ನು ರುಮಾಲೆಯವರು ಬಣ್ಣಗಳಲ್ಲಿ ಬರೆದಿಟ್ಟರು. ಮೊನೆಗೆ ಮಂಜು ಹೇಗೋ, ಇವರಿಗೆ ಹೂವು ಹಾಗೆ. ಎರಡೂ ಬೆಳಕನ್ನು ಹಿಡಿಯುವ ಬಲೆಗಳು. ಎಲೆಯನ್ನು ಎಲೆಯಾಗಿ ಬಿಡಿಸದೆ ಬಣ್ಣದ ಬೊಟ್ಟುಗಳಿಂದಲೇ ಮರವನ್ನು ಎಬ್ಬಿಸುವ ಅವರ ಚಿತ್ರಗಳನ್ನು ಹತ್ತಿರ ನಿಂತು ನೋಡಿ, ಅನಂತರ ದೂರ ಸರಿದು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು.

ಅವರು ಹುಟ್ಟಿದ ಊರಿನ ಪ್ರದೇಶದಲ್ಲಿ ಅರ್ಕಾವತಿ ಹರಿಯುತ್ತಿತ್ತು. ನಂದಿಬೆಟ್ಟದ ಮಗ್ಗುಲಿನಲ್ಲಿ ಹುಟ್ಟಿ ಹೆಸರಘಟ್ಟದ ಕಡೆಗೆ ಸಾಗುವ ಆ ಹೊಳೆಯ ನೀರನ್ನೇ 1890ರ ದಶಕದಲ್ಲಿ ಕೊಳವೆಗಳ ಮೂಲಕ ಬೆಂಗಳೂರಿಗೆ ತಂದದ್ದು. ಈಗ ಅದರ ಮೇಲ್ದಂಡೆಯಲ್ಲಿ ವರ್ಷದ ಬಹುಕಾಲ ಹರಿವೇ ಇರುವುದಿಲ್ಲ. ಅಲ್ಲಿನ ಮೋರಿ ಸೇತುವೆಗಳ ಕೆಳಗೆ ಬಿಂಬ ಬೀಳಲು ನೀರಿಲ್ಲ. ದೊಡ್ಡಬಳ್ಳಾಪುರದಿಂದ ಯಲಹಂಕದ ಮೂಲಕ ಬೆಂಗಳೂರಿಗೆ ಬರುವವರು ಇಂದು ದಾಟುವ ದೊಡ್ಡ ಸೇತುವೆ ಹೊಳೆಯ ಮೇಲಿನದಲ್ಲ, 2003ರಲ್ಲಿ ಸಂಚಾರಕ್ಕೆ ತೆರೆದ ಹೆಬ್ಬಾಳದ ಮೇಲ್ಸೇತುವೆ. ಬಳ್ಳಾರಿ ರಸ್ತೆಯನ್ನು ಅಗಲಮಾಡುವಾಗ ಅದರ ಇಕ್ಕೆಲದ ಹಳೆಯ ಮರಗಳು ಅನೇಕ ಉರುಳಿದವು. ಮೇಲ್ಸೇತುವೆಯ ಪಕ್ಕದಲ್ಲಿಯೇ ಹೆಬ್ಬಾಳದ ಕೆರೆಯಿದೆ. ಇಳಿಹೊತ್ತಿನಲ್ಲಿ ಧೂಳೂ ವಾಹನಗಳ ಹೊಗೆಯೂ ಬೆರೆತ ಗಾಳಿಯಲ್ಲಿ ಸೂರ್ಯನು ಕಿತ್ತಳೆಯ ಬಿಲ್ಲೆಯಾಗಿ ತೂಗುತ್ತಾನೆ. ಕಾಂಕ್ರೀಟಿನ ಕಂಬಗಳು ಊದಾ ಬಣ್ಣಕ್ಕೆ ತಿರುಗುತ್ತವೆ. ಮೇಲೆ ಸಾಲುಗಟ್ಟಿದ ವಾಹನಗಳ ಗಾಜುಗಳು ಒಂದೊಂದಾಗಿ ಮಿನುಗಿ ಆರುತ್ತವೆ. ಕೆರೆಯ ನೀರಿನ ಮೇಲೆ ಆ ಕಿತ್ತಳೆಯ ಒಂದು ಒಡೆದ ಗೆರೆ ಸುಮಾರು ಹತ್ತು ನಿಮಿಷ ಇರುತ್ತದೆ.